ಮುಖ ಬದಲಾದ ರೆಕಾರ್ಡಿಂಗ್

ನಾನು ಮುನೀಂದ್ರ. ರಾಬರ್ಟ್‌ಸನ್‌ಪೇಟೆಯಲ್ಲಿ ಡಿಶ್ ರಿಪೇರಿ ಅಂಗಡಿ ನನ್ನದು. ಹಾಳಾದ ರೆಕಾರ್ಡಿಂಗ್ ತಂದವರಿಗೆಲ್ಲ ಕಾಲರ್ ಎತ್ತಿ ಒಂದೇ ಡೈಲಾಗ್ ಹೊಡೆಯುತ್ತೇನೆ: "ಪೇಷೆಂಟ್ ಉಳೀತಾನೆ. ಆದ್ರೆ ಹಳೇದೆಲ್ಲ ನೆನಪಿರುತ್ತೆ ಅಂತ ಗ್ಯಾರಂಟಿ ಕೊಡಲ್ಲ."

ಗೆಳೆಯ ಗಿರಿಯ ಅಮ್ಮ ಆದಿಲಕ್ಷ್ಮಮ್ಮ ಸೆರಗಿನ ಗಂಟು ಬಿಚ್ಚಿ ಪೆನ್‌ಡ್ರೈವ್ ಕೊಟ್ಟಾಗಲೂ ಅದನ್ನೇ ಹೊಡೆದೆ. ಅವರು ನಗಲಿಲ್ಲ.

"ಮೊನ್ನೆ ಮಳೆಗೆ ನಮ್ ಲೈನ್ನಾಗೆ ಯಾರ್ ಟಿವೀನೂ ನೆಟ್ಟಗ್ ಬರ್ಲಿಲ್ಲ ಕಣ್ಲಾ ಮುನಿ. ನಾನು ರೆಕಾರ್ಡ್ ಒತ್ತಿದ್ದೆ. ನಿಂತ್ ನಿಂತ್ ಓಡ್ತೈತೆ. ಅದಿರ್ಲಿ, ನಿನ್ ಮಾತೆಲ್ಲಾ ಕೇಳ್ತೈತೆ, ಮುಖ ಮಾತ್ರ ಇನ್ಯಾರ್ದೋ ಬಂದೈತೆ. ಸರಿ ಮಾಡ್ಕೊಡು."

"ಯಾವ ಪ್ರೋಗ್ರಾಮ್ ಅಮ್ಮ?"

"ಅದೇ, ನೀನೂ ನಮ್ ಗಿರೀನೂ ಓಗಿದ್ರಲ್ಲಾ, ಕಾಮಿಡೀದು."

ನಾನು ಎಲ್ಲಿಗೂ ಹೋಗಿರಲಿಲ್ಲ. ವರ್ಷವಿಡೀ ನಂದಿದುರ್ಗ ಗಣಿಯ ಕಾರ್ಮಿಕರ ಮನೆಸಾಲಿನ ಲೈನಿನಲ್ಲಿ, ಅವರ ಮನೆಯ ಗೋಡೆಗೊರಗಿ, ನಾನು ಬರೆದ ಬಂಗಾರಪೇಟೆ ಬಸ್ಸಿನ ಸ್ಕಿಟ್ಟನ್ನು ಇಬ್ಬರೂ ಉರು ಹೊಡೆದಿದ್ದೆವು. ಗಿರಿ ಕಂಡಕ್ಟರ್. ನಾನು, ಕನ್ನಡದಲ್ಲಿ ಟಿಕೆಟ್ ಕೇಳಿದರೆ ತೆಲುಗಿನಲ್ಲಿ ಬೈದು ತಮಿಳಿನಲ್ಲಿ ಅಳುವ ಮುದುಕ. ಟಿವಿಯ ಕಾಮಿಡಿ ಶೋಗೆ ಇಬ್ಬರ ಹೆಸರೂ ಕೊಟ್ಟಿದ್ದೆವು; ಆಯ್ಕೆಯಾದರೆ ಗಿರಿಯ ಫೋನಿಗೆ ತಿಳಿಸುತ್ತೇವೆ ಎಂದು ಚಾನಲ್‌ನವರು ಹೇಳಿದ್ದರು. "ಸೆಲೆಕ್ಟ್ ಆಗ್ಲಿಲ್ಲ ಮಗಾ" ಎಂದು ಅವನು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಿದ್ದ. ಸಮಾಧಾನಕ್ಕೆ ನಾನೇ ಟೀ ಕೊಡಿಸಿದ್ದೆ.

ಆದಿಲಕ್ಷ್ಮಮ್ಮನವರನ್ನು ಕೂರಿಸಿ ಫೈಲ್ ತೆರೆದೆ. ಮಳೆಗೆ ಸಿಗ್ನಲ್ ಹೋದ ಕಡೆಯೆಲ್ಲ ಅದು ಹರಿದಿತ್ತು. ಚಿತ್ರ ಕಲ್ಲಿನಂತೆ ನಿಂತುಬಿಡುತ್ತಿತ್ತು, ಮಾತು ಮುಂದೆ ಓಡುತ್ತಿತ್ತು. ಒಡೆದ ಚೂರುಗಳನ್ನು ಸಾಫ್ಟ್‌ವೇರಿನಲ್ಲಿ ಕಿತ್ತೆಸೆದು, ಉಳಿದದ್ದನ್ನು ಜೋಡಿಸಿ, ಮಾತನ್ನು ತುಟಿಗೆ ಹೊಂದಿಸಿದೆ. ಬೇರೆ ಯಾವುದೋ ಪ್ರೋಗ್ರಾಮ್ ಬೆರೆತಿರಬೇಕು ಎಂದು ಕೊನೆಯವರೆಗೂ ನಂಬಿದ್ದೆ. ತುಟಿ ಕೂಡಿತು. ನನ್ನ ಮುದುಕನ ಅಳು ಗಿರಿಯ ಇನ್ನೊಬ್ಬ ಗೆಳೆಯ, ಬಂಗಾರಪೇಟೆಯ ಸುಧಾಕರನ ಬಾಯಿಂದ ಬಂತು.

ಸ್ಕಿಟ್ ಬರೆದವರು ಯಾರು ಎಂದು ನಿರೂಪಕಿ ಕೇಳಿದಳು. ಗಿರಿ ಕೈ ಎತ್ತಿದ.

ಅಷ್ಟರಲ್ಲಿ ಅಮ್ಮನನ್ನು ಹುಡುಕಿಕೊಂಡು ಅವನೇ ಬಂದ. ಪರದೆ ನೋಡಿ ಬಾಗಿಲಲ್ಲೇ ನಿಂತ.

"ಸುಧಾಕರನ ಮಾವ ಅಲ್ಲಿ ಕ್ಯಾಮೆರಾ ಇಡ್ಯೋನು ಕಣ್ಲಾ. ಅವ್ನ್ ಇಲ್ದಿದ್ರೆ ನನ್ನ ಒಳೀಕೇ ಬಿಡ್ತಿರ್ಲಿಲ್ಲ. ಏನ್ ಮಾಡ್ಲಿ?"

"ಬರ್ದೋನು ಮುನಿ ಅನ್ನೋಕೂ ಅವ್ನ ಮಾವನ್ನ ಕೇಳ್ಬೇಕಿತ್ತೇನ್ಲಾ?" ಎಂದೆ.

ಗಿರಿ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತ. "ಮುಂದಿನ್ ರೌಂಡ್‌ಗೆ ಓಗ್ತಿದ್ದೀವಿ. ಒಸಾ ಸ್ಕಿಟ್ ಬೇಕು. ನಿನ್ ಬಿಟ್ರೆ ನಂಗ್ಯಾರವ್ರೆ?"

ಆದಿಲಕ್ಷ್ಮಮ್ಮ ಒಮ್ಮೆ ಅವನ ಮುಖ ನೋಡಿದರು, ಒಮ್ಮೆ ನನ್ನದು. ಅವರಿಗೆ ಎಲ್ಲ ಅರ್ಥವಾಗಿತ್ತು. ಮಗನಿಗೆ ಎರಡು ಬಿಗಿಯುತ್ತಾರೆ ಎಂದುಕೊಂಡೆ.

"ಬರ್ಕೊಡಪ್ಪ," ಎಂದರು ಮೆಲ್ಲಗೆ. "ಅವ್ನ್ ಗೆದ್ರೆ ನೀನ್ ಗೆದ್ದಂಗೆ ಅಲ್ವಾ?"

"ಬರ್ಯಲ್ಲ," ಎಂದೆ.

ಗಿರಿ ಬಿದ್ದು ಬಿದ್ದು ನಕ್ಕ. ನಾನು ಡೈಲಾಗ್ ಹೊಡೆಯದೆ ನಿಜವಾಗಿಯೇ ಹೇಳುತ್ತಿರಬಹುದೆಂಬ ಅನುಮಾನವೇ ಅವನಿಗೆ ಬರಲಿಲ್ಲ. "ಇಂಟರ್‌ವಲ್ ಡೈಲಾಗೆಲ್ಲ ಬ್ಯಾಡ ಮಗಾ. ನಾಳೆ ಬತ್ತೀನಿ, ರೆಡಿ ಮಾಡಿಟ್ಟಿರು" ಎಂದು ಪೆನ್‌ಡ್ರೈವ್ ಕಿತ್ತುಕೊಂಡು, ಅಮ್ಮನ ಕೈಹಿಡಿದು ಜೋಪಾನವಾಗಿ ಮೆಟ್ಟಿಲಿಳಿಸಿಕೊಂಡು ಹೋದ.