ಎಫಿಯ ಟೋಪಿ ಪಿನ್ನು

ಕುಸ್ತಿಯ ಪೋಸ್ಟರಿನಲ್ಲಿ 'ಕಟುಕ' ಎನಿಸಿಕೊಂಡ ಸಿರಿಲ್ ಎಂದರೆ ಓಲ್ಡಮ್ ಊರಿನ ಹೆಂಗಸರಿಗೆ ಮೈಯೆಲ್ಲ ಉರಿ. ನಲವತ್ತಾರು ವರ್ಷದ ಆ ಪ್ರಾಣಿ ಮನೆಯ ಬೆಕ್ಕಿಗೂ ಗದರಿದವನಲ್ಲ. ಆದರೆ ಶನಿವಾರ ಮಧ್ಯಾಹ್ನ ಕರಿ ಚಡ್ಡಿ ತೊಟ್ಟು ಕುಸ್ತಿಗೆ ಹೊರಟನೆಂದರೆ ಊರಿಗೇ ಖಳ. ಅದು ಅವನ ಹೊಟ್ಟೆಪಾಡು. ಸೋಲು ಗೆಲುವು ಮೊದಲೇ ಒಳಗೊಳಗೆ ಮಾತಾಗಿರುತ್ತಿತ್ತು. ಆಟ ನೋಡಲು ಮೊದಲ ಸಾಲಿನಲ್ಲಿ ಕೂರುವ ಎಫಿ ಕ್ಲೆಗ್‌ಗೆ ಅದನ್ನು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಆ ಮುದುಕಿ ನಂಬುತ್ತಿರಲಿಲ್ಲ ಬಿಡಿ. ಮಹಾಯುದ್ಧ ಮುಗಿದ ವರ್ಷದಿಂದ, ಹನ್ನೊಂದು ವರ್ಷ, ಅವನು ಪಕ್ಕದಲ್ಲಿ ಹಾದುಹೋದಾಗಲೆಲ್ಲ ಟೋಪಿಯ ಉದ್ದನೆ ಪಿನ್ನು ಕಿತ್ತು ತೋಳಿಗೆ ಚುಚ್ಚುತ್ತಿದ್ದಳು. ಅವನು "ಅಯ್ಯೋ!" ಎಂದು ಹಾರಿಬೀಳುತ್ತಿದ್ದ. ಆ ಒಂದು ಕೂಗಿನಲ್ಲಿ ನಾಟಕವಿರಲಿಲ್ಲ.

ಈ ಶನಿವಾರ ಸಿರಿಲನ ಜೀವ ಬಾಯಿಗೆ ಬಂದಿತ್ತು. ನಾಲ್ಕು ದಿನದಿಂದ ಎಡಗೈಗೆ ಹಿಡಿದ ಜೋಮು ಬಿಟ್ಟಿರಲಿಲ್ಲ. ಬೆಳಿಗ್ಗೆ ಟೀ ಕಪ್ಪು ಕೈಜಾರಿ ಒಡೆದಿತ್ತು. ಆರನೇ ಸುತ್ತಿನಲ್ಲಿ ಎದುರಾಳಿ ವಿಲ್ಫ್ ಹೋರಕ್ಸ್ ಅವನನ್ನು ತಲೆಕೆಳಗಾಗಿ ಎತ್ತಿ ಕೆಡವಬೇಕೆಂದು ಮಾತಾಗಿತ್ತು. ಎರಡೂ ಕೈ ಊರಿದರೆ ಕುತ್ತಿಗೆ ಉಳಿಯುತ್ತದೆ. ಒಂದೇ ಕೈ ಊರಿದರೆ?

"ಯಾಕೋ ಸಿರಿಲ್, ಮುಖ ಬಿಳಚ್ಕೊಂಡಿದೆ?" ಒಳಕೋಣೆಯಲ್ಲಿ ಬೂಟಿನ ಲಾಡಿ ಬಿಗಿಯುತ್ತ ವಿಲ್ಫ್ ಕೇಳಿದ.

"ಬೆಳಗಾಗ್ತಿದ್ದ ಹಾಗೇ ನಿನ್ನ ಮುಖ ನೆನೆಸ್ಕೊಂಡ್ನಲ್ಲ, ಅದಕ್ಕೆ."

ವಿಲ್ಫ್ ನಕ್ಕ. ಹದಿನಾಲ್ಕು ವರ್ಷದ ಗೆಳೆಯ. ಹೇಳಿಬಿಡೋಣವೆಂದು ಮಾತು ನಾಲಿಗೆಯ ತುದಿಗೆ ಬಂತು. ಆದರೆ ಬಾಗಿಲಲ್ಲೇ ಮ್ಯಾನೇಜರ್ ನಿಂತಿದ್ದ. ಮೈ ಸರಿಯಿಲ್ಲ ಎಂದವನ ಹೆಸರು ಮತ್ತೆ ಪೋಸ್ಟರಿನಲ್ಲಿ ಕಾಣುತ್ತಿರಲಿಲ್ಲ. ಜೀವಮಾನವೆಲ್ಲ ಬೀಳುವುದನ್ನೇ ಕಲಿತವನಿಗೆ ಬೇರೇನು ಬರುತ್ತದೆ? ಸಿರಿಲ್ ಎದ್ದು ಹೊರಟ.

ರಿಂಗಿನತ್ತ ನಡೆದಾಗ ಜನ ಎಂದಿನಂತೆ ಶಾಪ ಹಾಕಿದರು. ಎಫಿಯ ಕುರ್ಚಿ ದಾಟಿದ. ಅವಳಿಂದ ಒಂದು ಬೈಗುಳವೂ ಇಲ್ಲ. ಇದೇನಪ್ಪ ಎಂದು ತಿರುಗಿದರೆ ಮುದುಕಿ ಬಾಯಿ ತೆರೆದು ಅವನ ಎಡತೋಳನ್ನೇ ನೋಡುತ್ತಿದ್ದಳು. ಪಿನ್ನು ಅಲ್ಲೇ ನೆಟ್ಟುಕೊಂಡಿತ್ತು.

"ಅಯ್ಯೋ!" ಎಂದ ಸಿರಿಲ್. ತಡವಾಗಿತ್ತು. ಅದು ತಡವೆಂದು ಅವಳಿಗೂ ತಿಳಿಯಿತು. ಪಿನ್ನು ಕಿತ್ತು ಅವಳ ಮಡಿಲಿಗೆ ಎಸೆದು ಸರಸರನೆ ಹೋದ.

ಐದು ಸುತ್ತು ಹೇಗೋ ಕಳೆದವು. ಅಷ್ಟೂ ಹೊತ್ತು ಎಫಿ ತುಟಿ ಬಿಚ್ಚಲಿಲ್ಲ. ಅವಳ ಆ ಮೌನಕ್ಕೆ ಅವನು ವಿಲ್ಫನ ಪಟ್ಟುಗಳಿಗಿಂತ ಹೆಚ್ಚು ಹೆದರಿದ. ಆರನೇ ಸುತ್ತಿನ ಗಂಟೆ ಹೊಡೆಯಿತು. ವಿಲ್ಫ್ ಸೊಂಟ ಹಿಡಿದು ಎತ್ತಿ ತಿರುಗಿಸಿದ. ದೀಪಗಳೆಲ್ಲ ಕಾಲ ಕಡೆ ಹೋದವು. ಎಡಗೈ ಒದ್ದೆ ಬಟ್ಟೆಯ ಹಾಗೆ ನೇತಾಡಿತು. ದೇವರೇ, ಹೇಳಿಬಿಡಬೇಕಿತ್ತು.

"ಇಳಿಸೋ ಅವನ್ನ!"

ಎಫಿ ರಿಂಗಿನ ಹಗ್ಗದಡಿ ನುಸುಳಿ ಬಂದು ಕೊಡೆಯಿಂದ ವಿಲ್ಫನ ಮೊಣಕಾಲಿಗೆ ಬಾರಿಸುತ್ತಿದ್ದಳು. ತನ್ನ ಮೆಚ್ಚಿನ ಜಟ್ಟಿಯೆಂದು ಮನೆಯ ಅಗ್ಗಿಷ್ಟಿಕೆಯ ಮೇಲೆ ಯಾರ ಫೋಟೋ ಇಟ್ಟಿದ್ದಳೋ ಅದೇ ವಿಲ್ಫನಿಗೆ!

"ಮೆಲ್ಲಗೆ ಇಳಿಸೋ, ಮುಟ್ಠಾಳ! ಅವನ ಕೈ ಸತ್ತೋಗಿದೆ ಕಣೋ!"

ವಿಲ್ಫ್ ಕಕ್ಕಾಬಿಕ್ಕಿಯಾಗಿ ಅವನನ್ನು ಮೆಲ್ಲಗೆ ಮಲಗಿಸಿದ. ರೆಫರಿ ಆಟ ನಿಲ್ಲಿಸಿದ.

ಒಳಕೋಣೆಯಲ್ಲಿ ಡಾಕ್ಟರು ಕುತ್ತಿಗೆ ಒತ್ತಿ ನೋಡಿದರು. "ಇವತ್ತು ಬಿದ್ದಿದ್ರೆ ಮತ್ತೆ ಏಳ್ತಿರಲಿಲ್ಲ. ಕುಸ್ತಿ ಸಾಕಪ್ಪ ಇನ್ನು," ಎಂದರು. ಮ್ಯಾನೇಜರ್ ಹೊರಗೆ ಹೋದ. ಟೋಪಿ ಸೊಟ್ಟಗಾದ ಎಫಿ ಬಾಗಿಲಲ್ಲಿ ನಿಂತಿದ್ದಳು.

"ಅಲ್ಲ ಅಜ್ಜಿ, ನನ್ನ ಕಂಡ್ರೆ ನಿಮಗೆ ಆಗಲ್ವಲ್ಲ?"

"ಈಗ್ಲೂ ಆಗಲ್ಲ. ನಿನ್ನಂಥ ಪಾಪಿ ಈ ಸೀಮೇಲೇ ಇಲ್ಲ." ಹತ್ತಿರ ಬಂದವಳೇ ಪಿನ್ನು ತೆಗೆದು ಅವನ ಬಲತೋಳಿಗೆ ಚುಚ್ಚಿದಳು.

"ಅಯ್ಯೋ!"

ಎಫಿ ಬೆಂಚಿನ ಮೇಲೆ ಕುಸಿದು ಕೂತಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಇನ್ಮೇಲೆ ಶನಿವಾರ ನಾನು ಯಾರಿಗೋ ಚುಚ್ಚಲಿ?" ಎಂದಳು.