ಕೊರ್ದೋಬಾದಲ್ಲಿ ಬಿಚ್ಚಿದ ಬೂಟು

ಏನನ್ನೋ ನೋಡುವ ನೆಪ ಮಾಡಿಕೊಂಡು ಶಿವಪ್ಪ ಆರನೆಯ ಸಲ ನಿಂತರು. ಕಾಶೀಬಾಯಿ ಎಣಿಸುತ್ತಲೇ ಬಂದಿದ್ದರು. ಮೊದಲ ಸಲ ಒಂದು ಕಮಾನು ನೋಡಿದ್ದಾಯಿತು, ಆಮೇಲೆ ಕಿಟಕಿಯ ಸರಳು, ಆಮೇಲೆ ಮೂರು ಸಲ ಬರೀ ಗೋಡೆಯ ಸುಣ್ಣ. ಈಗ ಚರಂಡಿಯ ಮುಚ್ಚಳ.

"ಅಂಥಾ ಮುಚ್ಚಳ ನಮ್ಮ ಡರ್ಬಿಯಾಗೂ ಅದ ರೀ. ವಿಮಾನ ಹತ್ತಿ ಬರೂದೇನಿತ್ತು?"

"ಎರಕ ಹೆಂಗ ಹೊಯ್ದಾರ ನೋಡಾಕತ್ತೀನಿ," ಎಂದರು ಶಿವಪ್ಪ. ಒಂದು ಕೈ ಗೋಡೆಯ ಮೇಲೆ, ಭಾರವೆಲ್ಲ ಎಡಗಾಲಿನ ಮೇಲೆ.

ಕೊರ್ದೋಬಾದ ಹಳೆಯ ಪೇಟೆಯ ಓಣಿಗಳಿಗೆ ಕೋಳಿಮೊಟ್ಟೆಯಂಥ ಗುಂಡುಕಲ್ಲು ಹಾಸಿದ್ದರು. ಗಟ್ಟಿ ಕಾಲಿನವರನ್ನೂ ಅವು ಒಮ್ಮೆ ಪರೀಕ್ಷಿಸಿಯೇ ಬಿಡುತ್ತವೆ. ಶಿವಪ್ಪನವರ ಬಲ ಮೊಣಕಾಲು ಗಟ್ಟಿಯಿರಲಿಲ್ಲ. ಎರಡು ವರ್ಷದಿಂದ ಸವೆದಿತ್ತು. ಅದನ್ನು ಬದಲಿಸಲು ದಿನ ಗೊತ್ತಾಗಿದೆ ಎಂದು ಇಂಗ್ಲೆಂಡಿನ ಡರ್ಬಿಯ ಆಸ್ಪತ್ರೆಯಿಂದ ಕಾಗದ ಬಂದು ಹತ್ತು ದಿನವಾಗಿತ್ತು. ಶುಕ್ರವಾರ ಸಂಜೆ ನಾಲ್ಕರೊಳಗೆ ಫೋನ್ ಮಾಡಿ ಬರುತ್ತೇವೆ ಎನ್ನಬೇಕು. ಅನ್ನದಿದ್ದರೆ ಸರದಿ ಇನ್ನೊಬ್ಬರಿಗೆ, ಇವರು ಮತ್ತೆ ವರ್ಷಗಟ್ಟಲೆ ಕಾಯಬೇಕು. ಮನೆಡಾಕ್ಟರು ಹೇಳಿ ನೋಡಿದರು, ಹಡರ್ಸ್‌ಫೀಲ್ಡಿನಿಂದ ಮಗ ಶರಣ್ ಬಂದು ಹೇಳಿಹೋದ. ಶಿವಪ್ಪ ಮಾಡಿದ್ದೇನೆಂದರೆ, ಕಾಲು ನೆಟ್ಟಗಿದೆಯೆಂದು ತೋರಿಸಲು ಸ್ಪೇನಿಗೆ ಟಿಕೆಟ್ ತೆಗೆಸಿದ್ದು. ಎರಡು ದಿನದಲ್ಲಿ ಹದಿನಾಲ್ಕು ಜಾಗ ನೋಡುವ ಪಟ್ಟಿ ಬೇರೆ, ನಿಮಿಷದ ಲೆಕ್ಕದಲ್ಲಿ, ತಮ್ಮ ಎರಕದ ಕಾರ್ಖಾನೆಯ ಪಾಳಿಪಟ್ಟಿಯ ಹಾಗೆ.

ಇವತ್ತು ಶುಕ್ರವಾರ. ನೋಡಿದ ಜಾಗ ಮೂರು. ಕಾಗದ ಕಾಶೀಬಾಯಿಯ ಚೀಲದಲ್ಲಿತ್ತು, ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿಯ ನಡುವೆ. ಹತ್ತು ದಿನ ಅಂಜುಬುರುಕ ಎಂದು ಛೇಡಿಸಿ ಸಾಕಾಗಿ ಈಗ ಅವರು ಆಪರೇಷನ್ನಿನ ಮಾತೆತ್ತುವುದನ್ನೇ ಬಿಟ್ಟಿದ್ದರು. ಮಾತಿಗೆ ಬಗ್ಗದ ಗಂಡಸಿಗೆ ಸುಮ್ಮನಿದ್ದೇ ಬುದ್ಧಿ ಕಲಿಸಬೇಕೆಂಬುದು ಮೂವತ್ತೆಂಟು ವರ್ಷದ ಸಂಸಾರದ ಗಳಿಕೆ.

ಪಟ್ಟಿಯ ನಾಲ್ಕನೆಯ ಜಾಗ ಒಂದು ಮನೆ. ಮೇ ತಿಂಗಳಲ್ಲಿ ಆ ಊರಿನವರು ತಮ್ಮ ಮನೆಯ ಅಂಗಳವನ್ನು ಹೂವಿನಿಂದ ತುಂಬಿ, ಬಾಗಿಲು ತೆರೆದು, ಬಂದವರಿಗೆಲ್ಲ ತೋರಿಸುತ್ತಾರೆ. ಬಾಗಿಲಲ್ಲಿ ಸಾಲಾಗಿ ನಿಂತು ಒಳಗೆ ಹೋಗಬೇಕು. ಹೊಸ್ತಿಲು ಈಗಷ್ಟೇ ತೊಳೆದು ಒದ್ದೆಯಾಗಿತ್ತು. ಒಳಗಿನ ಬಿಳಿ ಗೋಡೆಯ ತುಂಬ ನೀಲಿ ಕುಂಡ, ಕುಂಡದ ತುಂಬ ಕೆಂಪು ಹೂ. ಒಂದು ಗೂಡಿನಲ್ಲಿ ಮೇರಿಯಮ್ಮ, ಮುಂದೆ ಉರಿಯುವ ದೀಪ.

ತೊಳೆದ ಹೊಸ್ತಿಲು, ದೇವರ ಗೂಡು, ದೀಪ. ಕಾಶೀಬಾಯಿಯ ಕಾಲು ಯಾರನ್ನೂ ಕೇಳಲಿಲ್ಲ. ಬೂಟು ಹೊರಗೇ ಬಿಟ್ಟಿತು. ಬರಿ ಕಾಲ್ಚೀಲದಲ್ಲಿ ಒಳಗೆ ಹೆಜ್ಜೆಯಿಟ್ಟ ಮೇಲೆ ನೋಡಿದರೆ, ಮಂದಿಯೆಲ್ಲ ಬೂಟಿನಲ್ಲೇ ಓಡಾಡುತ್ತಿದ್ದಾರೆ. ಹಿಂದಿರುಗಿ ಹಾಕಿಕೊಳ್ಳಬಹುದಿತ್ತು. ಅಷ್ಟರಲ್ಲಿ ಗಂಡನ ಮುಖ ಕಂಡಿತು. ಶಿವಪ್ಪ ತಮ್ಮ ಲೇಸಿನ ಬೂಟನ್ನೇ ನೋಡುತ್ತ ನಿಂತಿದ್ದರು. ಬೆಳಿಗ್ಗೆ ಹೋಟೆಲಿನಲ್ಲಿ ಆ ಬೂಟು ತೆಗೆದುಕೊಂಡು ಬಚ್ಚಲುಮನೆಗೆ ಹೋದವರು ಕಾಲು ಗಂಟೆಯಾದ ಮೇಲೆ ಬೆವೆತು ಹೊರಬಂದಿದ್ದರು. ಕಾಶೀಬಾಯಿಗೆ ಥಟ್ಟನೆ ದಾರಿ ಹೊಳೆಯಿತು. ಬಿಟ್ಟದ್ದು ಬಿಟ್ಟಂತೆಯೇ ಇರಲಿ ಎಂದುಕೊಂಡರು.

"ಇಲ್ಲಿ ಯಾರೂ ಬಿಚ್ಚೂದಿಲ್ಲ," ಎಂದರು ಶಿವಪ್ಪ.

"ಮಂದಿ ಬಿಚ್ಚಲಿಕ್ಕಿಲ್ಲ. ದೀಪಾ ಹಚ್ಚಿದ ದೇವರ ಮುಂದ ನೀವು ಬೂಟ್ ಹಾಕ್ಕೊಂಡು ನಿಂದರತೀರೇನು? ನಿಮ್ಮವ್ವ ಇದ್ದಿದ್ರ ಏನಂತಿದ್ರು?"

ಸತ್ತ ತಾಯಿಯ ಹೆಸರು ಬಂದಿತ್ತು. ಶಿವಪ್ಪ ಬಗ್ಗದೆ, ಒಂದು ಹಿಮ್ಮಡಿಯಿಂದ ಇನ್ನೊಂದನ್ನು ಒತ್ತಿ ಬೂಟು ಕಳಚಿದರು. ಬಿಚ್ಚುವುದು ಸುಲಭ.

ಮನೆಯ ಅಜ್ಜಿ ಉದ್ದನೆಯ ಗಳಕ್ಕೆ ತಗಡಿನ ಡಬ್ಬಿ ಕಟ್ಟಿಕೊಂಡು ಮೇಲಿನ ಕುಂಡಗಳಿಗೆ ನೀರು ಹಾಕುತ್ತಿದ್ದಳು. ಕಾಲ್ಚೀಲದ ಈ ಜೋಡಿಯನ್ನು ಕಂಡು ನಕ್ಕಳು, ಆದರೆ ಮೆಚ್ಚಿಕೊಂಡೇ ನಕ್ಕಳು. ಹೂ ನೋಡಿದ್ದಾಯಿತು, ಕೈಮುಗಿದದ್ದಾಯಿತು. ಹೊರಡುವಾಗ ಶಿವಪ್ಪ ಬಲಗಾಲನ್ನು ಬೂಟಿನೊಳಗೆ ಅರ್ಧ ತೂರಿಸಿ ಸಿಕ್ಕಿಬಿದ್ದರು. ಮುಂದೆ ಹೋಗದು, ಹಿಂದೆ ಬರದು. ಬಗ್ಗಲು ಮೊಣಕಾಲು ಬಿಡದು. ಬಾಗಿಲಲ್ಲಿ ಹತ್ತಾರು ಜನ ದಾರಿಗಾಗಿ ಕಾಯುತ್ತಿದ್ದರು.

ಅಜ್ಜಿ ಒಳಗಿನಿಂದ ಹುಲ್ಲು ಹೆಣೆದ ಗಿಡ್ಡ ಕುರ್ಚಿಯೊಂದನ್ನು ತಂದು ಅವರನ್ನು ಪಕ್ಕಕ್ಕೆ ಕೂರಿಸಿದಳು. ಕಾಶೀಬಾಯಿ ಗಂಡನ ಮೊಣಕಾಲು ತೋರಿಸಿ ಮುಖ ಕಿವಿಚಿದರು. ಹೆಂಗಸರಿಗೆ ಅಷ್ಟು ಭಾಷೆ ಸಾಕು. ಅಜ್ಜಿ ಲಂಗ ಎತ್ತಿ ತನ್ನ ಎರಡೂ ಮೊಣಕಾಲಿನ ಉದ್ದ ಗಾಯದ ಗುರುತು ತೋರಿಸಿದಳು, ಆರು ಬೆರಳೆತ್ತಿ ಆರು ವರ್ಷವಾಯಿತೆಂದಳು. ತೋರಿಸಿ ಸುಮ್ಮನಾಗದೆ ಎರಡು ಮೆಟ್ಟಿಲ ಏಣಿ ಹತ್ತಿ ಇಳಿದಳು.

ಶಿವಪ್ಪ ಅವಳಿಗೆ ನೆಲ ತೋರಿಸಿ, ಎರಡು ತೋಳು ಮಡಚಿ ಚಕ್ಕಳಮಕ್ಕಳದಂತೆ ಮಾಡಿ, ಹೀಗೆ ಕೂರಲು ಆಗುತ್ತದೆಯೇ ಎಂದು ಸನ್ನೆಯಲ್ಲೇ ಕೇಳಿದರು. ಅಜ್ಜಿ ಇಲ್ಲವೆಂದು ತಲೆಯಾಡಿಸಿದಳು. ಅವರ ಮುಖ ಇಳಿದುಹೋಯಿತು.

"ನೋಡಿದೇನು? ಮೊಣಕಾಲ ಬದಲಿ ಮಾಡಿಸ್ಕೊಂಡ ನಮ್ಮ ಗೆಳ್ಯಾ ಚಿದಾನಂದನೂ ಇದನ್ನ ಹೇಳಿದ," ಎಂದರು ಮೆಲ್ಲಗೆ. "ಆಪರೇಷನ್ ಆದ ಮ್ಯಾಲೆ ನೆಲಕ್ಕ ಕೂಡಾಕ ಬರೂದಿಲ್ಲಂತ. ಎಂಟು ವರ್ಷದಾವ ಇದ್ದಾಗಿಂದ ನೆಲಕ್ಕ ಕೂತು ಲಿಂಗಪೂಜಿ ಮಾಡೀನಿ. ಇನ್ನ ಹೆಂಗ ಮಾಡ್ಲಿ?"

ಇದಾಗಿತ್ತು ಅಂಜಿಕೆ. ಕತ್ತರಿಯದಲ್ಲ, ಚುಚ್ಚುಮದ್ದಿನದಲ್ಲ. ಹತ್ತು ದಿನ ಆಡಿದ ಚೇಷ್ಟೆಯ ಮಾತೆಲ್ಲ ಕಾಶೀಬಾಯಿಗೆ ನೆನಪಾಯಿತು. ಆದರೂ ಅವರು ದನಿ ಬದಲಿಸಲಿಲ್ಲ. ಕನಿಕರ ತೋರಿಸಿದರೆ ಈ ಮನುಷ್ಯ ಮತ್ತೆ ಗೋಡೆ ನೋಡಲು ಹೋಗುತ್ತಾರೆ.

"ನಾಲ್ಕು ತಿಂಗಳಿಂದ ಬಾಗಲಾ ಹಾಕ್ಕೊಂಡು ಪೂಜಿ ಮಾಡಾಕತ್ತೀರಿ. ಹಾಸಿಗಿ ಅಂಚಿಗೆ ಹತ್ತಿದ ವಿಭೂತಿ ಯಾರು ತೊಳದ್ರು ಅಂತ ತಿಳದೀರಿ? ನೀವು ನೆಲಾ ಬಿಟ್ಟು ಯಾವಾಗೋ ಆಗೇದ." ಅವರು ಗಂಡನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಸಿಕ್ಕಿಕೊಂಡ ಬೂಟು ಬಿಡಿಸಿದರು. "ಲಿಂಗ ಅಂಗೈಯಾಗ ಇರ್ತದ ರೀ, ಮೊಣಕಾಲಾಗ ಅಲ್ಲ."

ಶಿವಪ್ಪ ತಮ್ಮ ಎಡ ಅಂಗೈ ನೋಡಿದರು. ಆಮೇಲೆ ಕುರ್ಚಿಯ ಕಾಲು ಮುಟ್ಟಿ, ಜೋಡಣೆಯನ್ನು ಹೆಬ್ಬೆರಳಿನಿಂದ ಒತ್ತಿ ಪರೀಕ್ಷಿಸಿದರು.

"ಪೂಜಿಗೆ ಈ ಎತ್ತರ ಅಡ್ಡಿಯಿಲ್ಲ," ಎಂದರು. ಮರುಗಳಿಗೆಯೇ ಗಡಿಯಾರ ನೋಡಿ, ನಾಲ್ಕೂ ಇಪ್ಪತ್ತಾಯಿತು, ಆಫೀಸು ಮುಚ್ಚಿರುತ್ತದೆ ಎಂದು ಉಸಿರುಬಿಟ್ಟರು. ಆ ಉಸಿರಿನಲ್ಲಿ ಸ್ವಲ್ಪ ಸಮಾಧಾನವೂ ಇತ್ತು.

"ಇಲ್ಲಿ ನಾಲ್ಕೂ ಇಪ್ಪತ್ತು. ಡರ್ಬಿಯಾಗ ಇನ್ನೂ ಮೂರೂ ಇಪ್ಪತ್ತು," ಎಂದು ಕಾಶೀಬಾಯಿ ಚೀಲದಿಂದ ಕಾಗದ ತೆಗೆದು, ಮೇಲಿನ ಚಟ್ನಿಪುಡಿ ಕೊಡವಿ, ಗಂಡನ ತೊಡೆಯ ಮೇಲಿಟ್ಟರು.

ಬೂಟು ಹೆಂಡತಿಯ ಕೈಯಲ್ಲಿ, ಓಡಿಹೋಗುವ ಹಾಗಿಲ್ಲ. ಶಿವಪ್ಪ ಫೋನ್ ಹಚ್ಚಿದರು. ಹೆಸರು ಹೇಳಿದರು, ಪೋಸ್ಟ್‌ಕೋಡ್ ಹೇಳಿದರು, ಬರುತ್ತೇನೆ ಎಂದರು. ಕಾಶೀಬಾಯಿ ತಲೆಯೆತ್ತದೆ ಲೇಸು ಪೋಣಿಸುತ್ತಿದ್ದರು. ಆ ಕಡೆಯ ಹುಡುಗಿ, ಆಪರೇಷನ್ ಆದ ಮೇಲೆ ಮನೆಯಲ್ಲಿ ನೋಡಿಕೊಳ್ಳಲು ಯಾರಾದರೂ ಇದ್ದಾರೆಯೇ ಎಂದು ಕೇಳಿದಳು.

ಶಿವಪ್ಪ ಬಗ್ಗಿದ ಆ ನರೆತಲೆಯನ್ನು ನೋಡಿದರು. ಹೆಂಡತಿ ಇದ್ದಾಳೆ, ಆದರೆ ಬಹಳ ಸ್ಟ್ರಿಕ್ಟು ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಕಾಶೀಬಾಯಿ ಲೇಸನ್ನು ಇನ್ನೊಂದಿಷ್ಟು ಬಿಗಿಯಾಗಿ ಎಳೆದು ಎರಡನೆಯ ಗಂಟು ಹಾಕಿದರು.