ಟೈಲರ್ ತಾತ ಹಠಕ್ಕೆ ವಾಕಿಂಗ್ ಹೋದದ್ದು

ಕಣ್ಣು ಮಂಜಾಯಿತು ಅಂತ ಟೈಲರ್ ತಾತ ಅಂಗಡಿ ಮುಚ್ಚಿದರು. ಅವತ್ತಿಂದ ಕುರ್ಚಿಗೆ ಅಂಟಿಕೊಂಡುಬಿಟ್ಟರು. ಮಂಡಿ ನೋವು ಬೇರೆ. ಊಟ ಸೇರದು, ನಿದ್ದೆ ಹತ್ತದು. ಫ್ಯಾನ್ ಹಾಕಿದರೆ ಸದ್ದು ಅಂತ ಸಿಡುಕು, ಆರಿಸಿದರೆ ಸೆಕೆ ಅಂತ ಸಿಡುಕು. ಒಂದು ದಿನ ಮೊಮ್ಮಗಳು ಮಾತಾಡಿಸಲು ಬಂದರೆ, "ನಾನಿನ್ನು ಯಾರಿಗೆ ಬೇಕು ಬಿಡಮ್ಮ" ಅಂತ ಗೋಡೆ ಕಡೆ ತಿರುಗಿದರು.

ಅದು ಕೇಳಿಸಿದ್ದೇ ಅಜ್ಜಿ ಎದ್ದು ಹೊರಟರು. ಪಕ್ಕದ ಮನೆ ನರ್ಸಮ್ಮನನ್ನು ಕರೆತಂದರು.

ನರ್ಸಮ್ಮ ಬಿಪಿ ನೋಡಿ, "ತಾತ, ದಿನಾ ಸ್ವಲ್ಪ ನಡೀರಿ. ಮೈ ಆಡಿದರೆ ಮನಸ್ಸೂ ಹಗುರಾಗತ್ತೆ" ಅಂದರು.

"ಕಾಲಿಗಾದರೆ ನಡಿಗೆ ಸರಿ. ಮನಸ್ಸಿಗೇನು ಕಾಲಿದೆಯಾ?"

"ಅದೂ ಈ ಮೈಯೊಳಗೇ ತಾನೆ ಇರೋದು? ನೀವು ಕೂತರೆ ಅದೂ ಕೂರತ್ತೆ."

"ಸರಿ, ಹೋಗಿ ಬರ್ತೀನಿ. ಏನೂ ಆಗಲ್ಲ ಅಂತ ನಿಮಗೂ ಗೊತ್ತಾಗಲಿ."

ಪಾರ್ಕಿನ ಗೇಟಿನ ಹತ್ತಿರವೇ ಬೆಂಚಿತ್ತು. ತಾತ ಇನ್ನೇನು ಕೂರಬೇಕು, ಎದುರಿಗೆ ಒಬ್ಬ ಹಿರಿಯರು ಹಾದುಹೋದರು. ಅವರ ಪ್ಯಾಂಟಿನ ಒಂದು ಕಾಲು ಉದ್ದ, ಇನ್ನೊಂದು ಗಿಡ್ಡ. ಮಂಜುಗಣ್ಣಿಗೂ ಕಾಣುವಷ್ಟು ಸೊಟ್ಟ. ತಾತನಿಗೆ ತಡೆಯಲಾಗಲಿಲ್ಲ. ಹೊಲಿಗೆ ಎಲ್ಲಿ ಕೆಟ್ಟಿದೆ ಅಂತ ಬಗ್ಗಿ ನೋಡುತ್ತ ಹಿಂದೆಯೇ ನಡೆದರು. ಪಾರ್ಕು ಇಡೀ ಒಂದು ಸುತ್ತಾಯಿತು.

ಹಿರಿಯರು ತಟ್ಟನೆ ನಿಂತರು. "ಯಾಕ್ರೀ, ಆಗಲಿಂದ ನನ್ನ ಹಿಂದೆ ಬಿದ್ದಿದೀರಿ?"

"ಈ ಪ್ಯಾಂಟು ಹೊಲಿದ ಪುಣ್ಯಾತ್ಮ ಯಾರು?"

"ನನ್ನ ಹೆಂಡತಿ."

ತಾತ ಮಾತು ನುಂಗಿಕೊಂಡು, "ಬಟ್ಟೆ ಚೆನ್ನಾಗಿದೆ" ಅಂದರು.

ಇಬ್ಬರಿಗೂ ನಗು ಬಂತು. ಆ ಹಿರಿಯರು ರಿಟೈರಾದ ಬಸ್ ಡ್ರೈವರ್. "ಮನೇಲಿ ಸುಮ್ಮನೆ ಕೂತರೆ ತಲೇಲಿ ಬೇಡದ್ದೇ ಬರತ್ತೆ. ಅದಕ್ಕೇ ಇಲ್ಲಿಗೆ ಬರ್ತೀನಿ" ಅಂದರು.

"ನನಗೂ ಹಾಗೇ" ಅಂದರು ತಾತ, ಮೆಲ್ಲಗೆ. ಹೆಂಡತಿಗೂ ಹೇಳದಿದ್ದ ಮಾತದು.

ಮರುದಿನವೂ ಹೋದರು, ಅದರ ಮರುದಿನವೂ ಹೋದರು. ಡ್ರೈವರು ಜೋರಾಗಿ ನಡೆದರೆ, "ಸ್ವಲ್ಪ ಬ್ರೇಕ್ ಹಾಕಪ್ಪ" ಅನ್ನುವಷ್ಟು ಸಲಿಗೆಯಾಯಿತು. ಮಂಡಿ ನೋವು ಪೂರ್ತಿ ಹೋಗಲಿಲ್ಲ. ಆದರೆ ಹಸಿವು ಬಂತು, ಮಾತು ಬಂತು, ರಾತ್ರಿ ಗೊರಕೆಯೂ ಬಂತು. ಈಗ ನಿದ್ದೆಯಿಲ್ಲದೆ ಹೊರಳಾಡುವ ಸರದಿ ಅಜ್ಜಿಯದು.

"ಇದಕ್ಕೇನು ಮದ್ದಮ್ಮ?" ಅಂತ ಅಜ್ಜಿ ನರ್ಸಮ್ಮನನ್ನು ಕೇಳಿದರು.

"ನೀವೂ ನಡೀರಿ, ಅವರಿಗಿಂತ ಮೊದಲೇ ನಿದ್ದೆ ಹೋಗ್ತೀರಿ."

ಈಗ ಅಜ್ಜಿಯೂ ಹೋಗುತ್ತಾರೆ, ಆ ಡ್ರೈವರ ಹೆಂಡತಿಯ ಜೊತೆ. ಗಂಡಸರಿಬ್ಬರನ್ನೂ ಹಿಂದೆ ಹಾಕುತ್ತಾರೆ.

ನಿಮ್ಮ ಮನೆಯಲ್ಲೂ ಹಿರಿಯರು ಮಂಕಾಗಿ ಕೂತಿದ್ದಾರೆಯೇ? ವಯಸ್ಸಾಯಿತು, ಇದೆಲ್ಲ ಇದ್ದದ್ದೇ ಅಂತ ಸುಮ್ಮನಾಗಬೇಡಿ. ಅವರ ಜೊತೆ ನಾಲ್ಕು ಹೆಜ್ಜೆ ಹಾಕಿ. ಎದೆನೋವು, ತಲೆಸುತ್ತು ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ನಡೆದರೂ ಮನಸ್ಸಿನ ಭಾರ ಇಳಿಯದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಅದರಲ್ಲಿ ನಾಚಿಕೆಯಿಲ್ಲ. ಇವತ್ತು ಸಂಜೆಯೇ ಚಪ್ಪಲಿ ಮೆಟ್ಟಿಕೊಂಡು ಹೊರಡಿ.